ಐದು ಬುಟ್ಟಿ ದ್ರಾಕ್ಷಿಯ ಟಾನಿಕ್

ಊಟ ಮುಗಿದಿತ್ತು. ಅಮೆರಿಕದ ಕೊಲಂಬಿಯಾ ಊರಿನ ಆ ಟೌನ್‌ಹೌಸಿನ ಹಿಂಬದಿಯ ಡೆಕ್ಕಿನ ಮೇಲೆ ಇನ್ನೂ ಸೆಪ್ಟೆಂಬರಿನ ಬಿಸಿಲಿತ್ತು. ರೇಣುಕಾದೇವಿ ಒಂದು ಚಮಚವನ್ನು ಚೆಲ್ಲದಂತೆ ಹಿಡಿದು ತಂದು ಸೊಸೆ ನೀರಜಾಳ ಮುಂದೆ ನಿಂತರು.

"ಬಾಯಿ ತೆಗಿ. ನಿನ್ನ ಟಾನಿಕ್ಕು."

ಯಾವ ಟಾನಿಕ್ ಎಂದು ಕೇಳುವಷ್ಟರಲ್ಲಿ ನೀರಜಾಳ ಕಣ್ಣು ಅಡುಗೆಕಟ್ಟೆಯ ಮೇಲೆ ಬಿತ್ತು. ಮಿಕ್ಸಿಯ ಪಕ್ಕದಲ್ಲಿ ಆ ಬಾಟಲಿ ನಿಂತಿತ್ತು. ಅದರ ಬಿರಡೆ ಹೊರಗಿತ್ತು.

ಅವಳ ಗಂಡ ಯಶವಂತ ಹೋದ ವರ್ಷ ಬುಡಾಪೆಸ್ಟಿನ ಕಾನ್ಫರೆನ್ಸಿಗೆ ಹೋದಾಗ ತಂದಿದ್ದ ಬಾಟಲಿ ಅದು. ಟೊಕಾಯಿ ಎಂಬ ಹಂಗೆರಿಯ ಸಿಹಿ ವೈನು. ಲೇಬಲ್ಲಿನ ಮೇಲಿನ ಐದರ ಅಂಕಿ ಎಂದರೆ ಐದು ಬುಟ್ಟಿ ಸುಕ್ಕುಗಟ್ಟಿದ ದ್ರಾಕ್ಷಿ, ಬುಟ್ಟಿ ಹೆಚ್ಚಿದಷ್ಟೂ ಸಿಹಿ ಎಂದು ಅವನೇ ವಿವರಿಸಿ, "ನಿನ್ನ ಥೀಸಿಸ್ ಮುಗಿದ ದಿನ ತೆಗೆಯೋಣ" ಎಂದು ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದ. ಫೆಬ್ರವರಿಯಲ್ಲಿ ಅವನ ಹೃದಯ ನಿಂತುಹೋಯಿತು. ಅವನಿಗೆ ಮೂವತ್ತನಾಲ್ಕು ವರ್ಷ. ಜೂನಿನಲ್ಲಿ ಥೀಸಿಸ್ ಮುಗಿಯಿತು. ಬಾಟಲಿ ಇದ್ದಲ್ಲೇ ಇತ್ತು. ಅವನು ತಂದಿದ್ದ ಕಾಫಿಪುಡಿ, ಸೋಪು, ಲೈಟ್ ಬಲ್ಬು ಎಲ್ಲ ಒಂದೊಂದಾಗಿ ತೀರಿದ್ದವು. ಇದೊಂದು ಉಳಿದಿತ್ತು. ತೆಗೆದರೆ ಇದೂ ತೀರುತ್ತದೆ.

ಏಪ್ರಿಲಿನಲ್ಲಿ ಮೈಸೂರಿನಿಂದ ಬಂದ ಅತ್ತೆ ಅಕ್ಕಿ ಡಬ್ಬ ಸರಿಸಿ "ಇದೇನೇ?" ಎಂದಿದ್ದರು. ನಿಮ್ಮ ಮಗ ಮನೆಯಲ್ಲಿ ವೈನ್ ಇಟ್ಟಿದ್ದ ಎನ್ನಲು ಬಾಯಿ ಬಾರದೆ, "ಟಾನಿಕ್ ಅತ್ತೆ, ದ್ರಾಕ್ಷಾರಿಷ್ಟದ ಥರ" ಎಂದಿದ್ದಳು. ಹೇಳಿದ್ದು ಅವಳಿಗೆ ಮರೆತೇಹೋಗಿತ್ತು.

"ಹೇಗೆ ತೆಗೆದ್ರಿ?"

"ಯಶೂದು ಟೂಲ್ ಬಾಕ್ಸ್ ಇತ್ತಲ್ಲ. ಬಿರಡೆಗೆ ಒಂದು ಸ್ಕ್ರೂ ತಿರುಗಿಸಿ ಕಟಿಂಗ್ ಪ್ಲೇಯರ್‌ನಲ್ಲಿ ಎಳೆದೆ."

"ಯಾಕೆ ತೆಗೆದ್ರಿ ಅತ್ತೆ?"

"ಹೋದ ಭಾನುವಾರ ಸಾರು ಹೇಗಿತ್ತು?"

"ಚೆನ್ನಾಗಿತ್ತು."

"ಉಪ್ಪೇ ಹಾಕಿರ್ಲಿಲ್ಲ. ಬೇಕಂತಲೇ. ನಿನ್ನ ನಾಲಿಗೆಗೆ ಗೊತ್ತಾಗುತ್ತಾ ನೋಡೋಣ ಅಂತ. ಎರಡು ಸಲ ಹಾಕಿಸ್ಕೊಂಡು ಉಂಡೆ ನೀನು."

ನೀರಜಾ ಎದ್ದು ಹೋಗಿ ಬಾಟಲಿಯನ್ನು ಬೆಳಕಿಗೆ ಹಿಡಿದಳು. ಜೇನಿನ ಬಣ್ಣ. ಮೇಲಿಂದ ಎರಡು ಬೆರಳಿನಷ್ಟು ಖಾಲಿ.

"ಒಂದು ಚಮಚಕ್ಕೆ ಇಷ್ಟು ಕಮ್ಮಿಯಾಗುತ್ತಾ?"

ಅತ್ತೆ ಕಿಟಕಿಯ ಕಡೆ ನೋಡಿದರು. "ಔಷಧಿ ಅಂದ್ಮೇಲೆ ಕೊಡೋಕೆ ಮುಂಚೆ ನಾನು ಕುಡಿದು ನೋಡ್ಬೇಡ್ವಾ? ಮೂರು ದಿನದಿಂದ ನೋಡ್ತಿದ್ದೀನಿ. ಮಂಡಿನೋವೂ ಕಮ್ಮಿ. ಹಿಡ್ಕೋ, ಕೈ ನೋಯ್ತಿದೆ."

ಚಮಚ ತುಟಿಯ ಹತ್ತಿರ ಬಂತು. ಚೆಲ್ಲಿಹೋದೀತೆಂದು ನೀರಜಾ ಬಾಯಿ ತೆರೆದಳು.

ಮೊದಲು ಜೇನು. ಆಮೇಲೆ ಕಿತ್ತಳೆ ಸಿಪ್ಪೆಯ ಘಮ. ನುಂಗಿ ಆಯಿತು ಎನ್ನುವಾಗ ದವಡೆಯ ಹಿಂದಿನಿಂದ ಹುಣಸೆಹಣ್ಣಿನಂಥ ಹುಳಿಯೊಂದು ಎದ್ದು ಬಂದು ಆ ಸಿಹಿಯನ್ನು ಹಿಡಿದು ನಿಲ್ಲಿಸಿತು. ಏಳು ತಿಂಗಳಲ್ಲಿ ಅವಳ ನಾಲಿಗೆಗೆ ತಗುಲಿದ ಮೊದಲ ರುಚಿ. ಅವಳು ತುಟಿಯನ್ನು ನಾಲಿಗೆಯಿಂದ ಸವರಿಕೊಂಡಳು.

"ಅತ್ತೆ, ಇದು ಟಾನಿಕ್ ಅಲ್ಲ."

"ಗೊತ್ತು ಕಣೆ. ಯಶು ಬುಡಾಪೆಸ್ಟಿಂದ ಬಂದ ದಿನಾನೇ ಫೋನ್ ಮಾಡಿದ್ದ. ಅಮ್ಮಾ, ನೀರಜಾಗೊಂದು ವೈನ್ ತಂದಿದ್ದೀನಿ, ಬೈಬೇಡ ಅಂದ. ಬೈದೆ." ಅವರು ಚಮಚವನ್ನು ಸೆರಗಿನಲ್ಲಿ ಒರೆಸಿದರು. "ನೀನು ದ್ರಾಕ್ಷಾರಿಷ್ಟ ಅಂದ್ಯಲ್ಲ, ಅವನು ಹೋದ ಮೇಲೆ ನಂಗೆ ಮೊದಲು ನಗು ಬಂದಿದ್ದು ಅವತ್ತೇ."

"ಗೊತ್ತಿದ್ದೂ ಕುಡಿದ್ರಾ?"

"ನನ್ನ ಮಗ ತಂದಿದ್ದು. ನಾನು ಕುಡೀಬಾರದಾ?"

ನೀರಜಾಳಿಗೂ ನಗು ಬಂತು. "ಇದನ್ನ ಹೇಗೆ ಮಾಡ್ತಾರೆ ಅಂತ ಹೇಳಿದ್ನಾ? ಬಳ್ಳಿಯಲ್ಲೇ ಬೂಸ್ಟು ಹಿಡಿದ ದ್ರಾಕ್ಷಿಯಿಂದ. ನಾನು ಥೀಸಿಸ್ಸಿಗೆ ಅಂತ ಲ್ಯಾಬಲ್ಲಿ ಐದು ವರ್ಷ ಸ್ಟ್ರಾಬೆರಿ ಮೇಲಿಂದ ಓಡಿಸಿದ್ನಲ್ಲ, ಅದೇ ಬೂಸ್ಟು. ಅದಕ್ಕೇ ತಂದಿದ್ದು ಅವನು, ನನ್ನನ್ನ ರೇಗಿಸೋಕೆ."

"ಬೂಸ್ಟಾ? ಮೂರು ದಿನ ಕುಡಿದ ಮೇಲೆ ಹೇಳ್ತಿದ್ದೀಯಲ್ಲ."

ನೀರಜಾ ಎರಡು ಪುಟ್ಟ ಸ್ಟೀಲ್ ಲೋಟ ತಂದಳು. ಚಮಚ ಬಿಟ್ಟು ಬಾಟಲಿಯಿಂದಲೇ ಬಗ್ಗಿಸಿದಳು. ಇಬ್ಬರೂ ಡೆಕ್ಕಿನ ಮೆಟ್ಟಿಲ ಮೇಲೆ ಕೂತು, ಪಕ್ಕದ ಮನೆಯವರು ಹುಲ್ಲು ಕತ್ತರಿಸುವುದನ್ನು ನೋಡುತ್ತ, ಗುಟುಕು ಗುಟುಕಾಗಿ ಕುಡಿದರು.

"ತೆಗೆದ ಮೇಲೆ ಕೆಡುತ್ತೇನೇ?"

"ಸಕ್ಕರೆ ಜಾಸ್ತಿ, ಫ್ರಿಜ್ಜಲ್ಲಿಟ್ರೆ ಕೆಲವು ವಾರ ಇರುತ್ತೆ."

"ನಾನು ಹೊರಡೋಕೆ ಇನ್ನು ಮೂರು ವಾರ."

"ಅಷ್ಟರಲ್ಲಿ ಮುಗಿಸೋಣ" ಎಂದಳು ನೀರಜಾ. ಹೇಳಿದ ಮೇಲೆ ತನ್ನ ಮಾತೇ ತನಗೆ ಕೇಳಿಸಿದಂತಾಗಿ ಲೋಟವನ್ನು ನೋಡಿದಳು. ತಳದಲ್ಲಿ ಇನ್ನೊಂದು ಗುಟುಕಿತ್ತು. ಕುಡಿದಳು.

ಒಳಗೆ ಹೋಗಿ, ಸ್ಕ್ರೂ ಚುಚ್ಚಿಕೊಂಡೇ ಇದ್ದ ಬಿರಡೆಯನ್ನು ಒತ್ತಿ, ಬಾಟಲಿಯನ್ನು ಫ್ರಿಜ್ಜಿನ ಮುಂದಿನ ಸಾಲಿನಲ್ಲಿ ಮೊಸರಿನ ಪಕ್ಕ ಇಟ್ಟಳು.

"ಅತ್ತೆ, ನಾಳೆ ಸಾರಿಗೆ ಉಪ್ಪು ಹಾಕಿ."