ಸಾಯಲೊಲ್ಲದ ದಂಡು

ಜನವರಿಯಿಂದ ಜೂನ್‌ವರೆಗಿನ ತಿಂಗಳಲ್ಲಿ ಹುಟ್ಟಿದವರೆಲ್ಲ ಮೊದಲ ಸುತ್ತಿನ ಗುಂಡಿಗೇ ಸಾಯಬೇಕು ಅಂತ ಸಾರ್ಜೆಂಟ್ ವೇಷದ ಟ್ಯಾಕೆಟ್ ಬೆಳಿಗ್ಗೆ ಗಂಟಲು ಹರಿದುಕೊಂಡು ಮೂರು ಸಲ ಹೇಳಿದ್ದ. ವರ್ಜೀನಿಯಾದ ಆ ಹಳೆಯ ರಣರಂಗದಲ್ಲಿ ಪ್ರತಿ ಜುಲೈನಲ್ಲಿ ಅಮೆರಿಕದ ಅಂತರ್ಯುದ್ಧದ ಕಾಳಗವನ್ನು ಆಡಿ ತೋರಿಸುವಾಗ ಸಾವು ಹಂಚುತ್ತಿದ್ದುದೇ ಹಾಗೆ.

ಎದುರು ಸಾಲಿನಿಂದ ಗುಂಡಿಲ್ಲದ ಬರೀ ಮದ್ದು ಢಮಾರೆಂದಿತು. ಹೊಗೆ ಸರಿದಾಗ ನೋಡಿದರೆ ಟ್ಯಾಕೆಟ್ ಕಡೆಯ ನಲವತ್ತೂ ಜನ ಕಂಬದ ಹಾಗೆ ನಿಂತಿದ್ದರು.

"ಬೀಳ್ರೋ!" ಟ್ಯಾಕೆಟ್ ಹಲ್ಲು ಕಡಿದ. "ಲೈಲ್, ನೀನು ಮಾರ್ಚ್‌ನವನಲ್ವೇನೋ?"

"ಆರು ಗಂಟೆ ಕಾರು ಓಡಿಸ್ಕೊಂಡು ಬಂದಿದೀನಿ ಮಾರಾಯ. ಒಂದು ಗುಂಡೂ ಹಾರಿಸ್ದೆ ಸಾಯ್ಲಾ?"

"ಏಮೋಸ್, ನಿಂಗೇನು ರೋಗ?"

"ಇಲ್ಲಿ ಇರುವೆ ಗೂಡಿದೆ. ಆಮೇಲೆ ಆ ಮರದ ನೆರಳಿಗೆ ಹೋಗಿ ಸಾಯ್ತೀನಿ ಬಿಡು."

ಎರಡನೆಯ ಸುತ್ತಿಗೂ ಒಬ್ಬನೂ ಬೀಳಲಿಲ್ಲ.

"ನಿಮ್ಮನ್ನ ಕಟ್ಕೊಂಡು ಏಗೋದಕ್ಕಿಂತ ನಾನೇ ಸಾಯೋದು ವಾಸಿ!" ನವೆಂಬರ್‌ನಲ್ಲಿ ಹುಟ್ಟಿದ್ದ ಟ್ಯಾಕೆಟ್ ಟೋಪಿ ಎಸೆದು, ಪ್ರೇಕ್ಷಕರ ಕಾಲಬುಡದಲ್ಲೇ ದೊಪ್ಪನೆ ಬಿದ್ದ.

ಮಡಚುಕುರ್ಚಿಯಲ್ಲಿ ಕೂತಿದ್ದ ಮುದುಕಿಯೊಬ್ಬಳು ಅವನತ್ತ ಬಗ್ಗಿದಳು.

"ಅವರನ್ನ ಬೈಬೇಡಪ್ಪ. ಅವತ್ತೂ ಎಲ್ಲ ಹಿಂಗೇ ಸಾಯಲ್ಲ ಅಂತ ಹಟ ಹಿಡಿದಿದ್ರೆ, ನಮ್ಮ ಮುತ್ತಾತ ಮನೆಗೆ ವಾಪಸ್ ಬರ್ತಿದ್ರು."