ಆಸ್ಟ್ರೀಡೇ ಬೋರ್ಡು

ದೊಡ್ಡಮ್ಮನ ಆರೈಕೆಗೆಂದು ಹೋಗಿದ್ದ ಅಕ್ಕ ವಾಪಸು ಬಂದು ನೋಡುತ್ತಾಳೆ, ಷೆಡ್ಡಿನ ಹಿಂದಿದ್ದ ಚಿಪ್ಪಿನ ಗುಡ್ಡೆಯೇ ಮಾಯ! ಅಪ್ಪನ ಕಾಲದಿಂದ ಸಿಂಪಿ ಬಿಡಿಸಿ ಬಿಡಿಸಿ ಸುರಿದ ಚಿಪ್ಪು ಆಳೆತ್ತರ ಬೆಳೆದಿತ್ತು. ಈಗ ಅಲ್ಲಿ ಗುಡಿಸಿದ ನೆಲ, ಪ್ಲಾಸ್ಟಿಕ್ ಕುರ್ಚಿಗಳು, ಮೇಲೊಂದು ಹೊಸ ಹೆಂಚಿನ ಮಾಡು. ಕಂಬಕ್ಕೆ ಹೊಡೆದ ಮರದ ಬೋರ್ಡಿನಲ್ಲಿ ‘ಆಸ್ಟ್ರೀಡೇ ಸಿಂಪಿ ತೋಟ’ ಎಂದು ಬರೆದಿತ್ತು. ಪಕ್ಕದಲ್ಲಿ ನಿಂಬೆಹಣ್ಣಿನ ಗಾತ್ರದ ಮುತ್ತಿನ ಚಿತ್ರ ಬೇರೆ.

“ಚಿಪ್ಪೆಲ್ಲೋ?”

ತಮ್ಮ ಹಲ್ಲು ಕಿರಿದ. “ಸುಣ್ಣದ ಗೂಡಿಗೆ ಕಳಿಸ್ಬಿಟ್ಟೆ ಅಕ್ಕಾ. ನಾಳೆ ತೋಟ ನೋಡೋಕೆ ಜನ ಬರ್ತಾರೆ, ಅಷ್ಟು ಕಸ ಇಟ್ಕೊಂಡು ಕೂರೋಕಾಗುತ್ತಾ? ಸುಟ್ಟು ಸುಣ್ಣ ಮಾಡಿ ಕೊಟ್ಟಿದಾರೆ, ಗೋಡೆಗೆ ಬಳಿಯೋಣ. ಬೋರ್ಡ್ ನೋಡಿದ್ಯಾ? ಆಸ್ಟ್ರೀಡೇ ಅಂದ್ರೆ ಸಿಂಪಿ ಕುಟುಂಬದ ವೈಜ್ಞಾನಿಕ ಹೆಸರು!”

ಅಕ್ಕನ ಪಿತ್ತ ನೆತ್ತಿಗೇರಿತು. ಕಸವಂತೆ ಕಸ! ಕಣ್ಣಿಗೂ ಕಾಣದ ಸಿಂಪಿಯ ಮರಿಗಳು ಅಳಿವೆಯ ನೀರಿನಲ್ಲಿ ತೇಲಿ ಬರುವ ಕಾಲ ಇದೇ. ಗಟ್ಟಿ ಸುಣ್ಣದ ಮೈ ಸಿಕ್ಕರೆ ಅಂಟಿಕೊಂಡು ಸಾಯುವವರೆಗೂ ಅಲ್ಲೇ ಬಾಳುತ್ತವೆ, ಸಿಗದಿದ್ದರೆ ಕೆಸರಿನ ಪಾಲು. ಅದಕ್ಕೇ ಪ್ರತಿ ವರ್ಷ ಹಳೆಯ ಚಿಪ್ಪನ್ನು ಹಗ್ಗಕ್ಕೆ ಪೋಣಿಸಿ ನೀರಿಗೆ ಇಳಿಬಿಡುತ್ತಿದ್ದದ್ದು. ಈ ಸಲ ಮರಿ ಕೂರದಿದ್ದರೆ ಮುಂದೆ ಬೆಳೆಯೂ ಇಲ್ಲ, ತೋಟವೂ ಇಲ್ಲ. ಇದೇ ನೀರಿನಲ್ಲಿ ಆಡಿ ಬೆಳೆದವನಿಗೆ ಅಷ್ಟೂ ತಲೆಗೆ ಹೋಗಲಿಲ್ಲವೇ?

“ಕುಟುಂಬದ ಹೆಸರು ಕಲ್ತು ಬಂದು, ಕುಟುಂಬಕ್ಕೆ ನೆಲೆನೇ ಇಲ್ದಂಗೆ ಮಾಡಿದ್ಯಲ್ಲೋ! ಆ ಮುತ್ತು ಬೇರೆ ಕೇಡು. ಮುತ್ತಿನ ಚಿಪ್ಪು ಈ ಕುಟುಂಬದ್ದೇ ಅಲ್ಲ. ಪಕ್ಕದ್ಮನೆ ಒಡವೆ ಹಾಕ್ಕೊಂಡು ಮೆರೀತಿದೀಯ!”

“ಬೈಬೇಡ ಅಕ್ಕಾ, ನಾಲ್ಕು ಜನ ಬಂದ್ರೆ...”

“ಬಂದೋರಿಗೆ ಏನ್ ತೋರಿಸ್ತೀಯ? ನಿನ್ನ ಮುಸುಡೀನಾ?”

ಬೈದರೆ ಚಿಪ್ಪು ವಾಪಸು ಬರುತ್ತದೆಯೇ? ಮೂಲೆಯಲ್ಲಿದ್ದ ಸುಣ್ಣದ ಮೂಟೆಗಳ ಮೇಲೆ ಅವಳ ಕಣ್ಣು ಬಿತ್ತು. ತಲೆಯೆತ್ತಿ ಹೆಂಚುಗಳನ್ನು ನೋಡಿದಳು. ಏಣಿ ಎಳೆದು ತಂದು ಮಾಡಿಗೆ ಒರಗಿಸಿದಳು.

“ಅಯ್ಯೋ ಅಕ್ಕಾ, ನಾನೇ ಹೊದಿಸಿದ್ದು ಕಣೇ! ನಾಳೆ ಬಂದೋರು ಬಿಸಿಲಲ್ಲಿ ಕೂರ್ಬೇಕಾ?”

“ಕೂರ್ಲಿ. ಮೊದ್ಲು ನೀರಲ್ಲಿ ಬಂದಿರೋರಿಗೆ ಜಾಗ ಆಗ್ಲಿ. ಬಾಯಿ ಮುಚ್ಕೊಂಡು ಸುಣ್ಣ ಕಲಸು, ಮರಳೂ ಹಾಕು. ತೆಳ್ಳಗಾಯ್ತೋ, ನಿನ್ನ ತಲೆ ಮೇಲೇ ಸುರೀತೀನಿ!”

ಅವಳು ಹೆಂಚು ಕಿತ್ತು ಕೊಟ್ಟಳು, ಅವನು ಸುಣ್ಣದಲ್ಲಿ ಅದ್ದಿ ಬಿಸಿಲಿಗೆ ಹರಡಿದ. ಮಾಡು ಪೂರ್ತಿ ಬೋಳಾಯಿತು. ಒಣಗಿದ ಹೆಂಚುಗಳನ್ನೆಲ್ಲ ಹಗ್ಗಕ್ಕೆ ಕಟ್ಟಿದರೂ ಒಂದು ಹಗ್ಗ ಖಾಲಿ ಉಳಿಯಿತು. ತಮ್ಮ ಬೋರ್ಡನ್ನು ಕಿತ್ತು ತಂದ. ಮುತ್ತಿನ ಮೇಲೆ, ಹೆಸರಿನ ಮೇಲೆ ದಪ್ಪಗೆ ಸುಣ್ಣ ಬಳಿದು ಅಕ್ಕನ ಮುಂದೆ ಹಿಡಿದ.

“ಮರ ತೇಲುತ್ತೆ, ಕಲ್ಲು ಕಟ್ಟೋ ದಡ್ಡ,” ಎಂದಳು ಅವಳು. ಸಿಟ್ಟು ಇನ್ನೂ ಇಳಿದಿರಲಿಲ್ಲ.

ಕೆಲವು ವಾರ ಅವಳು ಅವನೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಒಂದು ಬೆಳಿಗ್ಗೆ, ಅಳಿವೆಗೆ ಇಳಿಬಿಟ್ಟಿದ್ದ ಹಗ್ಗಗಳನ್ನು ಎತ್ತಿ ನೋಡಿದರು. ಹೆಂಚಿನ ಮೇಲೆಲ್ಲ ಉಗುರಿನಷ್ಟು ಸಿಂಪಿಗಳು ಕಿಕ್ಕಿರಿದಿದ್ದವು. ಬೋರ್ಡಿನಲ್ಲಂತೂ ಬೆರಳಿಡಲು ಜಾಗವಿರಲಿಲ್ಲ.

ಅಕ್ಕ ಬೋರ್ಡನ್ನು ಅವನ ಮೂಗಿನ ತನಕ ತಂದಳು.

“ಈಗ ಓದೋ, ಯಾರ ಮನೆ ಅಂತ.”