ಸೇತುವೆಯ ಆಚೆ ಅಂಗಡಿ, ಈಚೆ ಕೇಸು

ವರ್ನಾಳ ಜಗಲಿಯಲ್ಲಿ ಬುಟ್ಟಿ ತುಂಬ ಬೀನ್ಸ್ ಇತ್ತು. ದಾರದಲ್ಲಿ ಪೋಣಿಸಿ ಚಳಿಗಾಲಕ್ಕೆ ಒಣಹಾಕಬೇಕು. ಪಕ್ಕದ ಮನೆಯ ಡ್ರೀಮಾ ಬಂದು ತಾನೂ ಒಂದು ಸೂಜಿ ಎತ್ತಿಕೊಂಡಳು. ವರ್ನಾ ಮಾತ್ರ ಪೋಣಿಸಿದ್ದನ್ನೇ ಬಿಚ್ಚಿ ಮತ್ತೆ ಪೋಣಿಸುತ್ತಿದ್ದಳು. ಪಾಪ, ಅವಳ ತಲೆ ಮೊಸರು ಗಡಿಗೆಯಾಗಿತ್ತು.

"ಏನಾಯ್ತೇ ನಿಂಗೆ?"

"ಟ್ರೆಸ್ಸಾಗೆ ಕಾಲೇಜು ಬೇಡ ಅಂದೆ. ಅವಳಿಗೆ ಇಪ್ಪತ್ನಾಲ್ಕು ಆಗೋವರೆಗೂ ಸರ್ಕಾರದ ನೆರವಿನ ಅರ್ಜಿಗೆ ನನ್ನ ಒಪ್ಪಿಗೆ ಬೇಕಂತೆ. ನಾನು ಕೊಡಲ್ಲ ಅಂದ್ಬಿಟ್ಟೆ."

ಇಪ್ಪತ್ತೆರಡರ ಮಗಳು ಟ್ರೆಸ್ಸಾಳಿಗೆ ವೆಲ್ಡಿಂಗ್ ಕಲಿಯುವ ಹುಚ್ಚು. ಸರ್ಕಾರದ ನೆರವಿಲ್ಲದೆ ಕಾಲೇಜು ಕನಸೇ. ಕಳೆದ ಬೇಸಿಗೆಯಲ್ಲಿ ಅವಳು ನದಿಯಾಚೆ ಓಹಿಯೊಗೆ ಹೋಗಿ ಅಂಗಡಿಯಲ್ಲಿ ಗಾಂಜಾ ಪೊಟ್ಟಣ ಕೊಂಡಿದ್ದಳು. ಸೇತುವೆ ದಾಟಿ ವೆಸ್ಟ್ ವರ್ಜೀನಿಯಾಕ್ಕೆ ಕಾಲಿಟ್ಟಿದ್ದೇ ತಡ, ಪೊಲೀಸರು ಹಿಡಿದರು. ಶಿಕ್ಷೆಯೂ ಆಯಿತು.

"ಆಚೆ ಬೋರ್ಡು ಹಾಕ್ಕೊಂಡು ಮಾರ್ತಾರೆ, ಈಚೆ ಕೈಗೆ ಕೋಳ ಹಾಕ್ತಾರೆ. ಒಂದೇ ನದಿ ಕಣೇ! ಇದ್ಯಾವ ಸೀಮೆ ಕಾನೂನು?" ಎಂದು ವರ್ನಾ ಸಿಡುಕಿದಳು.

"ರಾಜ್ಯ ಬೇರೆ, ಕಾನೂನು ಬೇರೆ. ಆದ್ರೆ ಅದಕ್ಕೂ ನೆರವಿಗೂ ಏನೇ ಸಂಬಂಧ?"

"ಹಾರ್ಲನ್‌ನ ಮರೆತ್ಯಾ?" ವರ್ನಾ ಕೇಳಿದಳು. ಹಾರ್ಲನ್ ಅವಳ ತಮ್ಮ. ಕಾಲೇಜಲ್ಲಿ ಓದುವಾಗ ಒಂದು ಗಾಂಜಾ ಸಿಗರೇಟಿಗೆ ಸಿಕ್ಕಿಬಿದ್ದು, ನೆರವು ನಿಂತು, ಕಾಲೇಜು ಬಿಟ್ಟು ಗಣಿಗೆ ಇಳಿದವನು. "ಮಾದಕ ವಸ್ತುವಿನ ಕೇಸು ಇದೆಯಾ ಅಂತ ಅರ್ಜಿಲಿ ಕೇಳ್ತಾರೆ. ನಿಜ ಬರೆದ್ರೆ ದುಡ್ಡಿಲ್ಲ, ಸುಳ್ಳು ಬರೆದ್ರೆ ಜೈಲು. ಅತ್ತ ದರಿ, ಇತ್ತ ಪುಲಿ."

"ಅಯ್ಯೋ ಮಾರಾಯ್ತಿ, ಆ ಪ್ರಶ್ನೆನೇ ಈಗ ಅರ್ಜಿಲಿ ಇಲ್ಲ!"

"ಇಲ್ಲ ಅಂದ್ರೆ? ಗುಟ್ಟಾಗಿ ನೋಡ್ತಾರೆ ಬಿಡು."

"ನನ್ನ ಮಾತು ನಂಬಬೇಡ. ಅವರನ್ನೇ ಕೇಳು." ಡ್ರೀಮಾ ಕಾಲೇಜಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ ಬುಟ್ಟಿಯ ಮೇಲಿಟ್ಟಳು.

ನೆರವು ವಿಭಾಗದ ಹೆಂಗಸು ಟ್ರೆಸ್ಸಾಳ ಕತೆಯೆಲ್ಲ ಕೇಳಿ ಸಮಾಧಾನವಾಗಿ ಹೇಳಿದಳು: "ಮೊದಲು ಕೇಳ್ತಿದ್ರಮ್ಮ. ಆ ನಿಯಮ ತೆಗೆದುಹಾಕಿದ್ದಾರೆ. ಮಾದಕ ವಸ್ತುವಿನ ಕೇಸಲ್ಲಿ ಶಿಕ್ಷೆ ಆಗಿದ್ರೂ ಕೇಂದ್ರ ಸರ್ಕಾರದ ನೆರವಿಗೆ ಅದು ಅಡ್ಡ ಬರಲ್ಲ. ರಾಜ್ಯದ ನೆರವು, ಬೇರೆ ವಿದ್ಯಾರ್ಥಿವೇತನ ಇವಕ್ಕೆ ಅವರವರದೇ ನಿಯಮ ಇರಬಹುದು, ಕೇಳ್ಕೊಳ್ಳಿ. ಮತ್ತೆ ಕಾಲೇಜಿನೊಳಗೆ ಗಾಂಜಾ ತಂದ್ರೆ ನಾವೂ ಬಿಡಲ್ಲ, ಕೇಂದ್ರದ ಕಾನೂನು ಒಪ್ಪಲ್ಲ, ಅದಕ್ಕೆ ಆಚೆ ದಡದ ಓಹಿಯೊ ಕಾಲೇಜೂ ಬಿಡಲ್ಲ."

ವರ್ನಾ ಸೂಜಿಯನ್ನು ಬುಟ್ಟಿಗೆ ಸಿಕ್ಕಿಸಿದಳು. ಸೇತುವೆಯ ಆಚೆಗೊಂದು, ಈಚೆಗೊಂದು ಕಾನೂನಿನ ತಲೆಬುಡ ಅವಳಿಗೆ ಇನ್ನೂ ತಿಳಿದಿರಲಿಲ್ಲ. ಇದೊಂದು ಮಾತ್ರ ತಿಳಿಯಿತು: ಎಂದೋ ಹೋದ ನಿಯಮಕ್ಕೆ ಹೆದರಿ ಅವಳೇ ಮಗಳ ದಾರಿಗೆ ಅಡ್ಡ ನಿಂತಿದ್ದಳು.

"ಟ್ರೆಸ್ಸಾ! ಆ ಅರ್ಜಿ ತಗೊಂಬಾರೆ!" ಎಂದು ಕೂಗಿದಳು. ಆಮೇಲೆ ತಡೆದು ತಡೆದು ಫೋನಿನಲ್ಲಿ ಕೇಳಿದಳು, "ಮೇಡಂ... ನನ್ನ ತಮ್ಮ ಒಬ್ಬ ಇದ್ದಾನೆ. ನಲವತ್ತು ದಾಟಿದೆ. ಅವನೂ ಅರ್ಜಿ ಹಾಕಬಹುದಾ?"

"ವಯಸ್ಸಿಗೆ ಮಿತಿ ಇಲ್ಲಮ್ಮ. ಹಾಕಲಿ."

ವರ್ನಾಳ ಕಣ್ಣು ತುಂಬಿ ಬಂತು. "ಇಷ್ಟು ವರ್ಷ ಇದನ್ನ ಅವನಿಗೆ ಯಾರೂ ಹೇಳ್ಲೇ ಇಲ್ವಲ್ಲೇ, ಡ್ರೀಮಾ."

"ಈಗ ನೀನು ಹೇಳು."

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಹಳೇ ಕೇಸಿಗೆ ಹೆದರಿ ಅರ್ಜಿ ಹಾಕದೆ ಕೂತವರು ಇದ್ದಾರೆಯೇ? ಗಾಳಿಮಾತು ನಂಬಬೇಡಿ. ಕಾಲೇಜಿನ ನೆರವು ವಿಭಾಗವನ್ನೇ ಕೇಳಿ. ಆಮೇಲೆ ನಿಮ್ಮ ಹಾರ್ಲನ್‌ಗೂ ಒಂದು ಫೋನು ಮಾಡಿ.